ಖಾಲಿ ಉಳಿದ ಕೊಂಬೆ

ಡಿಸೆಂಬರ್ 28, ಭಾನುವಾರ

ಅಣ್ಣನಿಗೂ ಹೊಸ ವರ್ಷದ ಶುಭಾಶಯ ಕಳಿಸಲೇಬೇಕೇ? ಬೆಳಗಿನಿಂದ ಇದೇ ಕೊರೆಯುತ್ತಿದೆ.

ಪ್ರತಿ ವರ್ಷದಂತೆ ಕಾರ್ಡುಗಳನ್ನು ಮನೆಯಲ್ಲೇ ಮಾಡಿದೆವು. ಅಮ್ಮ ಮರ ಬಿಡಿಸುತ್ತಾಳೆ; ಉಳಿದವರು ಹೆಬ್ಬೆರಳಿಗೆ ಹಸಿರು ಬಣ್ಣ ಹಚ್ಚಿಕೊಂಡು ತಮ್ಮ ತಮ್ಮ ಕೊಂಬೆಗೆ ಎಲೆ ಒತ್ತುತ್ತೇವೆ. ಅಣ್ಣನ ಕಾರ್ಡಿಗೆ ನಾನು ಒತ್ತುವುದಿಲ್ಲ ಎಂದೆ. ಮುಷ್ಕರದಲ್ಲಿ ಅಪ್ಪ ಗಿರಣಿಯ ಗೇಟಿನ ಹೊರಗೆ ಕೂತಿದ್ದಾಗ, ಅದೇ ಗೇಟು ದಾಟಿ ಕೆಲಸಕ್ಕೆ ಹೋದವನು ಅವನು. ಆಮೇಲೆ ಬೇರೆ ಊರು ಸೇರಿದ, ಈ ಕಡೆ ತಲೆ ಹಾಕಿಲ್ಲ. ದ್ರೋಹಕ್ಕೂ ಶುಭಾಶಯವೇ ಎಂದು ಕೇಳಿದೆ.

"ಭಾಷಣ ಆಮೇಲೆ ಮಾಡು, ಅಲ್ಲಿ ಬಿಸ್ಕತ್ತು ಸೀದು ಹೋಗ್ತಿದೆ," ಎಂದಳು ಅಮ್ಮ.

ಅಪ್ಪ ಓವನ್‌ನಿಂದ ತಟ್ಟೆ ಹೊರಗೆ ತೆಗೆದರು. "ಸೀದಿದ್ದು ನಮಗಿರಲಿ. ಚೆನ್ನಾಗಿರೋದನ್ನ ಅವನಿಗೆ ಕಟ್ಟು."

"ಅಕ್ಕನ ಕೊಂಬೆಗೂ ನಾನೇ ಒತ್ತಿಬಿಡ್ಲಾ?" ಎಂದಳು ತಂಗಿ. "ಅಣ್ಣಂಗೆ ಗೊತ್ತಾಗಲ್ಲ."

"ಗೊತ್ತಾಗತ್ತೆ," ಎಂದರು ಅಪ್ಪ.

ಅವರ ಎಲೆ ಆಗಲೇ ಒಣಗಿತ್ತು. ಎಲ್ಲರಿಗಿಂತ ಮೊದಲು ಒತ್ತಿದ್ದರು. ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು ಅವರು. ನಾನು ಓದಿದ ಕಾರ್ಮಿಕ ಸಂಘದ ಯಾವ ಕರಪತ್ರವೂ ಇದನ್ನು ವಿವರಿಸುವುದಿಲ್ಲ.

ಎಲ್ಲರೂ ಅಡುಗೆಮನೆಯಿಂದ ಹೋದ ಮೇಲೆ ನಾನೂ ಒತ್ತಿದೆ. ಕ್ಷಮಿಸಿದೆ ಎಂದಲ್ಲ. ಅವನು ಮಾಡಿದ್ದು ತಪ್ಪು, ಅದನ್ನು ಅವನ ಮುಖಕ್ಕೇ ಹೇಳಬೇಕು. ಹೇಳಬೇಕೆಂದರೆ ಮೊದಲು ಅವನು ಬರಬೇಕಲ್ಲ. ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತೇನೆ. ಬಾಗಿಲಲ್ಲಿ ಬೇಡ, ಒಳಗೆ ಬಂದು ಕೂತ ಮೇಲೆ. ದೂರದಿಂದ ಬಂದಿರುತ್ತಾನೆ, ಊಟವಾದರೂ ಆಗಲಿ, ಆಮೇಲೆ...