ಬಂದವರು ನಿಂತ ನೆಲ

ಮಾರ್ಚ್ ೯, ಭಾನುವಾರ

ನನ್ನ ಮುದ್ದು ವಕೀಲಮ್ಮನಿಗೆ ಅಪ್ಪನ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ನೀನು, ಅಮ್ಮ, ತಮ್ಮ ಮೂವರೂ ಕ್ಷೇಮವೆಂದು ನಂಬಿದ್ದೇನೆ. ಪತ್ರ ತಡವಾಯಿತು, ಕ್ಷಮಿಸು. ನೀನು ಪಾಟೀಸವಾಲು ಶುರುಮಾಡುವ ಮೊದಲೇ ತಪ್ಪೊಪ್ಪಿಕೊಂಡಿದ್ದೇನೆ. ನಿಮ್ಮ ಮೂವರ ವೀಸಾ ಏನಾಯಿತು ಎಂದು ಕೇಳುತ್ತೀಯ, ಗೊತ್ತು. ಆ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಹೊಸ ಕೆಲಸದ ಸುದ್ದಿ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

ಬಂದರಿನ ಹತ್ತಿರ ಒಂದು ಹಳೆಯ ಕಟ್ಟಡವಿದೆ. ಹೊರದೇಶದಿಂದ ಹಡಗಿನಲ್ಲಿ ಬಂದವರನ್ನು ನಿಲ್ಲಿಸಿ ವಿಚಾರಿಸುತ್ತಿದ್ದ ಜಾಗ. ಈಗ ಅದನ್ನು ಮ್ಯೂಸಿಯಂ ಮಾಡುತ್ತಿದ್ದಾರೆ. ಮರದ ನೆಲ ಸರಿಪಡಿಸುವ ಬಡಗಿಗಳಲ್ಲಿ ನಾನೂ ಒಬ್ಬ. ಮೊದಲ ದಿನವೇ ಎಡವಟ್ಟು ಮಾಡಿದೆ. ಅಧಿಕಾರಿಯ ಮೇಜಿನ ಮುಂದೆ ಹಲಗೆಗಳು ತಟ್ಟೆಯ ಹಾಗೆ ಸವೆದು ಹಳ್ಳಬಿದ್ದಿದ್ದವು. ನಾನು ಉಜ್ಜುವ ಯಂತ್ರ ಹಚ್ಚಿ ಮಟ್ಟಮಾಡಲು ಹೊರಟೆ. ಮೇಸ್ತ್ರಿ ಓಡಿಬಂದು ಪ್ಲಗ್ಗನ್ನೇ ಕಿತ್ತರು. "ಅದು ಹಾಳಾಗಿರೋದಲ್ಲ, ಜನ ನಿಂತು ನಿಂತು ಸವೆದಿರೋದು" ಎಂದರು. ಯಂತ್ರ ಬದಿಗಿಟ್ಟು ಆ ಹಳ್ಳದಲ್ಲಿ ನಾನೂ ಸುಮ್ಮನೆ ನಿಂತೆ.

ಮೇಸ್ತ್ರಿಯ ಅಜ್ಜಿ ಇದೇ ಹಜಾರದಲ್ಲಿ ಕಸ ಗುಡಿಸುತ್ತಿದ್ದರಂತೆ. ಅವರಿಂದ ಕೇಳಿದ್ದನ್ನೆಲ್ಲ ಮೇಸ್ತ್ರಿ ನೆಲದ ಗುರುತುಗಳನ್ನು ತೋರಿಸುತ್ತ ಹೇಳಿದರು. ಮೊದಮೊದಲು ಇಲ್ಲಿ ಒಂದು ಮೇಜು ಬಿಟ್ಟರೆ ಏನೂ ಇರಲಿಲ್ಲವಂತೆ. ಹೆಸರು ಹೇಳು, ಒಳಗೆ ನಡೆ, ಅಷ್ಟೇ ಕಾನೂನು. ಆಮೇಲೆ ಕಾನೂನು ಬದಲಾದಾಗಲೆಲ್ಲ ಬಡಗಿಗಳನ್ನು ಕರೆಸಿದ್ದಾರೆ. ರೋಗಿಗಳು ಬರಬಾರದೆಂದಾಗ ತಪಾಸಣೆಯ ಕೋಣೆ ಎದ್ದಿತು. ಕೆಲವು ದೇಶದವರು ಬರಲೇಬಾರದೆಂದಾಗ ಮರದ ಅಡ್ಡಗೋಡೆ ಬಂತು, ಅದರಾಚೆಯ ಬಾಗಿಲು ಮರಳಿ ಹಡಗಿಗೇ. ಅಧಿಕಾರಿ ಹೇಳಿದ ಭಾಷೆಯಲ್ಲಿ ಓದಿ ತೋರಿಸಬೇಕೆಂದಾಗ ಗೂಡಿನಂಥ ಇನ್ನೊಂದು ಕೋಣೆ. ಎಷ್ಟೋ ವರ್ಷಗಳ ನಂತರ ಆ ಕಾನೂನುಗಳು ಬಿದ್ದುಹೋದವು, ಗೋಡೆಗಳನ್ನೂ ಕಿತ್ತರು. ಊರು ಯಾವುದಾದರೇನು, ಕಸುಬು ಗೊತ್ತಿದ್ದರೆ ಬಾ ಎಂಬ ಕಾನೂನು ಬಂತು. ನಾನು ಬಂದದ್ದು ಅದರಲ್ಲೇ.

ಗೋಡೆಗಳಿದ್ದ ಕಡೆ ಈಗ ಮೊಳೆ ಹೊಡೆದ ತೂತುಗಳ ಸಾಲು ಮಾತ್ರ ಉಳಿದಿದೆ. ಮೊಣಕಾಲೂರಿ ಅದರ ಮೇಲೆ ಕೈಯಾಡಿಸಿದೆ. ಎಂಥ ಗಟ್ಟಿ ಗೋಡೆ, ಯಾರದೋ ಒಂದು ಸಹಿಗೆ ಎದ್ದು ಇನ್ಯಾರದೋ ಸಹಿಗೆ ಮಲಗಿತಲ್ಲ ಎಂದು ಬೆರಗಾಯಿತು. ನಮ್ಮಂಥ ಬಡಗಿಗಳೇ ಕಟ್ಟಿದ್ದು, ನಮ್ಮಂಥವರೇ ಕಿತ್ತದ್ದು.

ಹಡಗಿಗೆ ಮರಳಿಸುತ್ತಿದ್ದ ಆ ಬಾಗಿಲು ಇನ್ನೂ ಇದೆ. "ನಿನ್ನ ತಾತ ಬಂದಿದ್ರೆ ಇಲ್ಲಿಂದಾನೇ ವಾಪಸ್ ಕಳಿಸ್ತಿದ್ರು. ಈಗ ನೋಡು, ಇದರ ಕೀಲು ಸರಿಮಾಡೋಕೆ ನಿಂಗೇ ಸಂಬಳ" ಎಂದು ಮೇಸ್ತ್ರಿ ನಕ್ಕರು. ನಾನೂ ನಕ್ಕೆ, ಆದರೆ ಕಣ್ಣು ತುಂಬಿಬಂತು.

ಅಮ್ಮನ ಮಂಡಿನೋವು ಕಡಿಮೆಯಾಯಿತೇ? ತಮ್ಮನ ಕಿವಿ ಹಿಂಡುವುದನ್ನು ಸ್ವಲ್ಪ ಕಡಿಮೆ ಮಾಡು. ಚೆನ್ನಾಗಿ ಓದು. ಎಲ್ಲಿದ್ದರೂ ತಲೆಯೆತ್ತಿ ಬಾಳು ಮಗಳೇ.

ನಿನ್ನ,
ಅಪ್ಪ

ತಾ.ಕ.: ಇದನ್ನು ಅಮ್ಮನ ಮುಂದೆ ಓದಬೇಡ, ಅವಳಿಗೆ ನಾನೇ ಹೇಳುತ್ತೇನೆ. ವೀಸಾದ ಉತ್ತರ ಬಂದಿದೆ. ಪತ್ರ ತಡವಾದದ್ದು ಅದಕ್ಕೇ, ಬರೆಯಲು ಕೈ ಏಳಲಿಲ್ಲ. ಅಮ್ಮನಿಗೆ ಸಿಕ್ಕಿದೆ, ತಮ್ಮನಿಗೆ ಸಿಕ್ಕಿದೆ. ನಿನಗಿಲ್ಲ. ಮೊದಲು ಅರ್ಜಿ ಹಾಕಿದ ದಿನದ ವಯಸ್ಸು ನೋಡುತ್ತಿದ್ದರು. ಹೋದ ವರ್ಷ ಕಾನೂನು ಬದಲಾಗಿದೆ. ಈಗ ತೀರ್ಮಾನದ ದಿನಕ್ಕೆ ಹದಿನೆಂಟು ತುಂಬಿರಬಾರದು. ಆಫೀಸಿಗೆ ಹೋಗಿ, ಅವಳು ನನ್ನ ಮಗಳು ಎಂದೆ. ಅಲ್ಲಿನ ಹುಡುಗಿ, ಪಾಪ, ಒಳ್ಳೆಯವಳೇ, "ಮಗಳೇ ಸರ್, ಆದ್ರೆ ಕಾನೂನಿನ ಪ್ರಕಾರ ಈಗ ಮಗು ಅಲ್ಲ" ಎಂದಳು. ನಿನಗೆ ಹದಿನೆಂಟು ತುಂಬಿದ ದಿನ ನಾನು ಜೊತೆಯ ಕೆಲಸದವರಿಗೆಲ್ಲ ಸಿಹಿ ಹಂಚಿದ್ದೆ ಮಗಳೇ.