ಏಳನೇ ಬೆಡ್ಡಿನಿಂದ ಶುರು

ಮಾರ್ಚ್ 3, ಸೋಮವಾರ

ಬೆಳಗಿನ ಪಾಳಿ ಮುಗಿಸಿ ಬಂದೆ. ಯೂನಿಫಾರ್ಮ್ ನೆನೆಹಾಕಿ ಪ್ರಬಂಧಕ್ಕೆ ಕೂತೆ. ವಿಷಯ ನಾನೇ ಆರಿಸಿಕೊಂಡದ್ದು — ಪಾಳಿ ಬದಲಾಗುವಾಗ ನರ್ಸುಗಳು ರೋಗಿಯ ವಿವರ ಒಪ್ಪಿಸುವ ಬಗೆ. ಹತ್ತೊಂಬತ್ತು ವರ್ಷದಿಂದ ದಿನವೂ ಮಾಡುವ ಕೆಲಸ. ಮಧ್ಯದ ಹದಿನಾಲ್ಕು ಪುಟ ಸಲೀಸಾಗಿ ಬಂತು. ಪೀಠಿಕೆ, ಮುಕ್ತಾಯ ಸರಿಯಿಲ್ಲವೆಂದು ಎರಡು ಸಲ ವಾಪಸ್. ಮೂರನೆಯದೇ ಕೊನೆಯ ಅವಕಾಶ. ತಪ್ಪಿದರೆ ಡಿಪ್ಲೊಮಾ ಇಲ್ಲ, ವಾರ್ಡ್ ಇನ್‌ಚಾರ್ಜ್ ಹುದ್ದೆಯೂ ಇಲ್ಲ.

ಮಗಳು ಇಣುಕಿ ಓದಿದಳು. “‘ಅನಾದಿ ಕಾಲದಿಂದಲೂ ಮಾನವನು ರೋಗಗಳೊಡನೆ...’ ಅಮ್ಮಾ, ಅಲ್ಲಿಂದ ಹೊರಟ್ರೆ ಆಸ್ಪತ್ರೆ ತಲುಪೋದು ಯಾವಾಗ?”

ಬಾಯಿ ಮುಚ್ಚು ಅಂದೆ. ನಗುವೂ ಬಂತು.

ಮಾರ್ಚ್ 5, ಬುಧವಾರ

ಡಿಪ್ಲೊಮಾ ಮೇಷ್ಟರ ಹತ್ತಿರ ಹೋಗಿದ್ದೆ. “ಊರೆಲ್ಲ ಸುತ್ತಿ ಬಾಗಿಲಿಗೆ ಬರ್ತೀರಲ್ಲ,” ಅಂದರು. “ಇದನ್ನ ಯಾಕೆ ಓದ್ಬೇಕು ಅಂತ ಮೊದ್ಲೇ ಹೇಳಿ.”

“ಮುಕ್ತಾಯ, ಸಾರ್?”

“ಪೀಠಿಕೇನೇ ತಿರುಗಿಸಿ ಹಾಕಿದ್ದೀರಿ. ಓದಿ ಎದ್ದೋರು ನಾಳೆಯಿಂದ ಏನು ಬೇರೆ ಥರ ಮಾಡ್ತಾರೆ? ಅದು ಬೇಕು.” ಆಮೇಲೆ ಸುಮ್ಮನೆ ಕೇಳಿದರು — “ಅಲ್ಲಾ, ಇದೇ ವಿಷಯ ಯಾಕೆ ಆರಿಸ್ಕೊಂಡ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅನುಭವ ಇದೆ ಸಾರ್ ಅಂದು ಎದ್ದು ಬಂದೆ.

ಮಾರ್ಚ್ 14, ಶುಕ್ರವಾರ

ಒಂಬತ್ತು ದಿನ ಏನೂ ಬರೆಯಲಿಲ್ಲ. ಪ್ರಬಂಧದಲ್ಲೂ ಇಲ್ಲ, ಈ ಡೈರಿಯಲ್ಲೂ ಇಲ್ಲ. ಇವತ್ತು ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರು?

ಎರಡು ವರ್ಷದ ಹಿಂದೆ, ಮಧ್ಯಾಹ್ನ ಎರಡು ಗಂಟೆ. ನಾನು ಪಾಳಿ ಮುಗಿಸಿ ಹೊರಡುವವಳು, ದೊಡ್ಡಕ್ಕ ಬರುವವರು. ವಾರ್ಡಿನ ಇನ್‌ಚಾರ್ಜ್ ಆಗ ಅವರೇ, ನಮಗೆಲ್ಲ ದೊಡ್ಡಕ್ಕ. ಏಳನೇ ಬೆಡ್ಡಿನವರ ಹೆಂಡತಿ ಆಗಷ್ಟೇ ನನಗೆ ಹೇಳಿದ್ದರು — ಡಾಕ್ಟರು ಬರೆದಿದ್ದ ಇಂಜೆಕ್ಷನ್ ಗಂಡನಿಗೆ ಮೈಗಾಗುವುದಿಲ್ಲ. ಫೈಲಿಗೆ ಇನ್ನೂ ಬರೆದಿರಲಿಲ್ಲ. ನಾನೋ, ಒಂದನೇ ಬೆಡ್ಡಿನಿಂದ ಶುರು ಮಾಡಿದೆ. ಡ್ರಿಪ್ಪು, ಬೆಡ್‌ಶೀಟು, ಯಾರ ಮಗ ಬಂದು ಜಗಳವಾಡಿದ... ಏಳಕ್ಕೆ ಬರುವಷ್ಟರಲ್ಲಿ ಫೋನ್ ಬಂತು, ದೊಡ್ಡಕ್ಕ ಅತ್ತ ಓಡಿದರು. ಅವರ ಬೆನ್ನಿಗೆ ಹೇಳಿ, ಬಸ್ಸು ಹಿಡಿಯಲು ಹೊರಟೆ.

ಅವರು ಇಂಜೆಕ್ಷನ್ ಕೊಟ್ಟರು. ರೋಗಿ ಮೂರು ದಿನ ಐಸಿಯುನಲ್ಲಿ. ಪುಣ್ಯ, ನಡೆದುಕೊಂಡೇ ಮನೆಗೆ ಹೋದರು. ವಿಚಾರಣೆಯಲ್ಲಿ ನನ್ನನ್ನು ಕೇಳಿದಾಗ “ಹೇಳಿದ್ದೆ” ಅಂದೆ. ಸುಳ್ಳಲ್ಲ. ಆದರೆ ಅವರಿಗೆ ಕೇಳಿಸಿರಲಿಲ್ಲ ಅಂತ ನನಗೆ ಗೊತ್ತಿತ್ತು. ದೊಡ್ಡಕ್ಕನ ಇನ್‌ಚಾರ್ಜ್ ಹುದ್ದೆ ಹೋಯಿತು, ಅದೇ ವಾರ್ಡಿನಲ್ಲಿ ಬರೀ ನರ್ಸಾಗಿ ಉಳಿದರು. ನಾನು ಓದುತ್ತಿರುವುದು ಅದೇ ಹುದ್ದೆಗೆ. ನಾಚಿಕೆಯಾಗುತ್ತದೆ.

ಮಾರ್ಚ್ 16, ಬೆಳಗ್ಗೆ 6

ಪೀಠಿಕೆ ಬರೆದೆ. ‘ಏಳನೇ ಬೆಡ್ಡಿನ ರೋಗಿಗೆ ಕೊಡಬಾರದ ಇಂಜೆಕ್ಷನ್ ಹೋದದ್ದು ನನ್ನ ತಪ್ಪಿನಿಂದ. ಮೊದಲು ಹೇಳಬೇಕಾದದ್ದನ್ನು ನಾನು ಕೊನೆಗೆ, ಕೇಳಿಸದ ಹಾಗೆ ಹೇಳಿದೆ.’ ಐದು ನಿಮಿಷ ಹಿಡಿಯಿತು, ಅಷ್ಟೇ.

ಮಗಳು ಓದಿದಳು. ಈ ಸಲ ನಗಲಿಲ್ಲ. “ಆಸ್ಪತ್ರೆಯೋರೂ ಓದ್ತಾರಾ?”

“ಓದ್ತಾರೆ.”

“ಮತ್ತೆ ನಿನ್ನ ಕೆಲಸ?”

“ಗೊತ್ತಿಲ್ಲ ಕಣೇ.”

ಕೇಳದೆಯೇ ಟೀ ಮಾಡಿ ತಂದಿಟ್ಟಳು.

ಮಾರ್ಚ್ 18, ಸಂಜೆ

ನಾಳೆ ಕೊನೆಯ ದಿನ. ಮಧ್ಯಾಹ್ನದವರೆಗೂ ಮುಕ್ತಾಯ ಖಾಲಿಯೇ ಇತ್ತು.

ಎರಡು ಗಂಟೆಗೆ ದೊಡ್ಡಕ್ಕನಿಗೆ ವಾರ್ಡ್ ಒಪ್ಪಿಸಿದೆ, ತೀರಾ ಸೀರಿಯಸ್ ಇದ್ದ ಬೆಡ್ಡಿನಿಂದ ಶುರು ಮಾಡಿ. ಆಮೇಲೆ ಪ್ರಬಂಧದ ಹಾಳೆಗಳನ್ನು ಅವರ ಕೈಗಿಟ್ಟೆ.

“ಏನೇ ಇದು, ರಾಜೀನಾಮೇನಾ?”

“ಮೊದಲ್ನೇ ಸಾಲು ಓದಿ ಅಕ್ಕ.”

ನಿಂತೇ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ನಾನು ಔಷಧಿ ಟ್ರೇ ನೋಡುತ್ತ ನಿಂತೆ.

“ಎರಡು ವರ್ಷದಿಂದ, ನೀನು ಹೇಳಿದ್ದನ್ನ ನಾನೇ ಮರೆತೆ ಅಂದ್ಕೊಂಡಿದ್ನಲ್ಲೇ,” ಅಂದರು. “ವಯಸ್ಸಾಯ್ತು, ತಲೆ ನಿಲ್ತಿಲ್ಲ ಅಂತ. ಆ ಟ್ರೇ ಮುಟ್ಟೋಕೂ ಹೆದರ್ತಿದ್ದೆ.”

ಇದು ನನಗೆ ಹೊಳೆದೇ ಇರಲಿಲ್ಲ. ಹುದ್ದೆ ಹೋದದ್ದಷ್ಟೇ ಅಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ, ಬೈಯಲಿಲ್ಲ. ಕೊನೆಯ ಪುಟ ತಿರುಗಿಸಿದರು.

“ಮುಕ್ತಾಯ ಎಲ್ಲಿ?”

“ಏನು ಬರೀಬೇಕೋ ತಿಳೀತಿಲ್ಲ.”

ಕುರ್ಚಿ ಎಳೆದು ಕೂತರು. “ಕೂತ್ಕೋ. ಬಸ್ಸು ಹೋದ್ರೆ ಹೋಗ್ಲಿ. ಬರ್ಕೋ — ಎದುರಿಗಿರೋರು ಅದನ್ನೇ ತಿರುಗಿ ಹೇಳೋವರೆಗೂ ಹೊರಡಬಾರದು.”

ಬರೆದುಕೊಂಡೆ. ಎದ್ದು ಹೋಗಲು ಬಿಡಲಿಲ್ಲ.

“ಈಗ ನೀನು ತಿರುಗಿ ಹೇಳು,” ಅಂದರು.

ಹೇಳಲು ಬಾಯಿ ತೆರೆದೆ. ಎದುರಿಗಿರುವವರು ಅದನ್ನೇ ತಿರುಗಿ ಹೇಳುವವರೆಗೂ ಹೊರಡಬಾರದು ಅಂದೆ. ಆಮೇಲೇ ಅವರು ಔಷಧಿ ಟ್ರೇ ಎತ್ತಿಕೊಂಡು ಎದ್ದರು.