ನೀವು ಹಂಚಿದ ಕಲ್ಲು, ನಾನು ಹೆಕ್ಕದ ಕಲ್ಲು

ಗಣಿ ಮತ್ತು ಭೂವಿಜ್ಞಾನ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮುಚ್ಚಿಹೋದ ತಾಮ್ರದ ಗಣಿಯ ಪಕ್ಕದಲ್ಲಿ ಬಿದ್ದಿದ್ದ ಕಲ್ಲುರಾಶಿಯನ್ನು ತಂದು ನಮ್ಮ ತಗ್ಗು ಬಡಾವಣೆಯ ಬೀದಿಗಳಿಗೆ ಸುರಿಸಿದಿರಿ. ಅದಾಗಿ ನಾಲ್ಕು ಮಳೆಗಾಲ ಕಳೆದಿದೆ. ಬೀದಿ ಎತ್ತರವಾಯಿತು, ನಿಜ. ಬಾವಿಯ ನೀರು ವಿಷವಾಯಿತು. ದೂರು ಕೊಟ್ಟಾಗಲೆಲ್ಲ ನಿಮ್ಮಿಂದ ಬರುವುದು ಒಂದೇ ಉತ್ತರ: "ಸದರಿ ಕಲ್ಲನ್ನು ಪರೀಕ್ಷಿಸಲಾಗಿದ್ದು, ನಿರಪಾಯಕಾರಿ ಎಂದು ದೃಢಪಟ್ಟಿದೆ." ಅದರ ನಾಲ್ಕು ಪ್ರತಿಗಳು ನನ್ನ ಬಳಿ ಇವೆ. ದಿನಾಂಕ ಬಿಟ್ಟರೆ ಅಲ್ಪವಿರಾಮವೂ ಬದಲಾಗಿಲ್ಲ. ಇಷ್ಟು ನಿಷ್ಠೆಯಿಂದ ನಡೆಯುವ ಕೆಲಸ ನಿಮ್ಮ ಕಚೇರಿಯಲ್ಲಿ ಇನ್ನೊಂದು ಇದೆಯೋ ಇಲ್ಲವೋ ಕಾಣೆ.

ಆ ಬಾವಿ ಇರುವುದು ನನ್ನ ಅಕ್ಕನ ಹಿತ್ತಲಿನಲ್ಲಿ. ಬಟ್ಟೆ ಹೊಲಿದು ಬದುಕುವ ಹೆಂಗಸು. ಅವಳ ಮನೆಯೂ ಸೇರಿ ಹನ್ನೊಂದು ಮನೆಗಳಿಗೆ ಅದೇ ನೀರು. ಮೊದಲು ಗೊತ್ತಾದದ್ದು ಚಹಾ ಮಾಡುವಾಗ. ಕುದಿಯುವ ನೀರಿಗೆ ಹಾಲು ಬಿದ್ದ ಕೂಡಲೇ ಒಡೆಯುತ್ತಿತ್ತು. ಅಕ್ಕ ಹಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿ ತರಾಟೆಗೆ ತೆಗೆದುಕೊಂಡಳು.

"ಅಕ್ಕಾ, ಬರೀ ಹಾಲು ಕಾಯ್ಸಿ ನೋಡಿ. ಒಡೆದ್ರೆ ನಾಳೆಯಿಂದ ಈ ಕಡೆ ತಲೆ ಹಾಕಲ್ಲ," ಅಂದ ಅವನು.

ಕಾಯಿಸಿದಳು. ಒಡೆಯಲಿಲ್ಲ. "ನೋಡಿದ್ರಾ? ಕೆಟ್ಟಿರೋದು ನಿಮ್ಮ ನೀರು," ಅಂತ ಹೇಳಿ ಸೈಕಲ್ ಹತ್ತಿ ಹೋದ. ನಿಮ್ಮ ಪ್ರಯೋಗಾಲಯಕ್ಕೆ ನಾಲ್ಕು ವರ್ಷದಿಂದ ಕಾಣದೇ ಇದ್ದದ್ದು ಹಾಲಿನವನಿಗೆ ಎರಡು ನಿಮಿಷದಲ್ಲಿ ಕಂಡಿತು. ಮುಂದೆ ಬಾವಿಯ ಕಬ್ಬಿಣದ ಕೊಡಗಳ ತಳ ತೂತಾಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಲೋಳೆ ಕೂತಿತು. ಈಗ ಅಕ್ಕನ ಅಂಗೈಯಲ್ಲಿ ಕಾಳು ಕಾಳಾಗಿ ಗಡುಸು ಗಂಟುಗಳು ಎದ್ದಿವೆ. ಸೂಜಿ ಹಿಡಿದು ಹಿಡಿದು ಹಾಗಾಗಿದೆ ಅಂದುಕೊಂಡಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು ಎರಡೂ ಕೈ ತಿರುಗಿಸಿ ನೋಡಿ, ಕಸುಬು ಏನೆಂದು ಕೇಳಲಿಲ್ಲ. ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು.

ತಾವು ಈಚೆಗೆ ಬೇರೆ ಇಲಾಖೆಯಿಂದ ವರ್ಗವಾಗಿ ಬಂದವರು, ಕಲ್ಲಿನ ವಿಷಯ ತಿಳಿದಿರಲಿಕ್ಕಿಲ್ಲ. ನಾನು ನಿಮ್ಮದೇ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕಲ್ಲು ಪುಡಿ ಮಾಡಿದವನು. ಅಷ್ಟರಮಟ್ಟಿಗೆ ಹೇಳಬಲ್ಲೆ. ಆ ಗಣಿ ಇದ್ದದ್ದು ಕೋಟ್ಯಂತರ ವರ್ಷಗಳ ಹಿಂದೆ ಆರಿದ ಜ್ವಾಲಾಮುಖಿಯ ಬಂಡೆಗಳಲ್ಲಿ. ಆಗ ಬಿರುಕುಗಳಲ್ಲಿ ಕುದಿನೀರು ಹರಿದು ಒಂದು ಕಡೆ ತಾಮ್ರ, ಸತುವು ಬಿಟ್ಟುಹೋಯಿತು. ಹರಿದ ದಾರಿಯುದ್ದಕ್ಕೂ ಸುತ್ತಲಿನ ಬಂಡೆಯನ್ನು ಬೇಯಿಸಿತು. ಬಂಡೆಯೊಳಗಿನ ಸೋಡಿಯಂ ತೊಳೆದುಹೋಯಿತು, ಪೊಟ್ಯಾಸಿಯಂ, ಮೆಗ್ನೀಸಿಯಂ ಬಂದು ಸೇರಿದವು. ಗಟ್ಟಿ ಕಲ್ಲು ಉಗುರಿನಲ್ಲಿ ಕೆರೆಯಬಹುದಾದಷ್ಟು ಮೆತ್ತಗೆ, ಬೆಳ್ಳಗೆ ಆಯಿತು. ಅದರ ತುಂಬ ಹಿತ್ತಾಳೆಯ ಹಾಗೆ ಹೊಳೆಯುವ, ಕಬ್ಬಿಣ ಮತ್ತು ಗಂಧಕ ಸೇರಿದ ಪುಡಿಹರಳುಗಳು. ಆ ಹರಳುಗಳೊಳಗೆ ಆರ್ಸೆನಿಕ್. ನೆಲದಡಿಯಲ್ಲಿ ಇರುವಷ್ಟು ಕಾಲ ಯಾರ ತಂಟೆಗೂ ಬಾರದ ಕಲ್ಲು. ಮೇಲೆ ತಂದು ಗಾಳಿಗೆ, ಮಳೆಗೆ ಒಡ್ಡಿದರೆ ಹರಳು ಕರಗಿ ಆಮ್ಲವಾಗುತ್ತದೆ, ಆರ್ಸೆನಿಕ್ಕನ್ನೂ ಕರೆದುಕೊಂಡು ನೀರಿಗಿಳಿಯುತ್ತದೆ.

ಇದು ನಾನು ಕಂಡುಹಿಡಿದದ್ದಲ್ಲ. ನಮ್ಮಲ್ಲಿ ಒಬ್ಬರು ಭೂವಿಜ್ಞಾನಿ ಮೇಡಂ ಇದ್ದರು. ತಾಮ್ರ ಎಲ್ಲಿದೆ ಎಂದು ಹುಡುಕುವಾಗ ಅವರು ತಾಮ್ರವನ್ನೇ ಹುಡುಕುತ್ತಿರಲಿಲ್ಲ. ಸೋಡಿಯಂ ಎಲ್ಲಿ ಕಡಿಮೆಯಾಗಿದೆ, ಆರ್ಸೆನಿಕ್ ಎಲ್ಲಿ ಹೆಚ್ಚಾಗಿದೆ ಎಂದು ಹೆಜ್ಜೆ ಹೆಜ್ಜೆಗೂ ಅಳೆಯುತ್ತ ಅದಿರಿನ ಬುಡಕ್ಕೇ ಹೋಗಿ ನಿಲ್ಲುತ್ತಿದ್ದರು. ಅವರ ವರದಿ ನಿಮ್ಮ ಕೋಣೆಯಿಂದ ಎರಡು ಬಾಗಿಲು ಆಚೆ, ಗ್ರಂಥಾಲಯದ ಬೀರುವಿನಲ್ಲಿದೆ. ಯಾವ ಕಲ್ಲಿನಲ್ಲಿ ಎಷ್ಟು ಆರ್ಸೆನಿಕ್ ಎಂದು ನಕ್ಷೆಸಹಿತ ಇದೆ. ತಾಮ್ರ ಹುಡುಕುವಾಗ ದಾರಿ ತೋರಿಸಿದ ಆರ್ಸೆನಿಕ್, ಕಲ್ಲನ್ನು ಬೀದಿಗೆ ಹಂಚುವಾಗ ಯಾರ ನೆನಪಿಗೂ ಬರಲಿಲ್ಲವೇ? ಬೀರುವಿನ ಬೀಗದ ಕೈ ಕಳೆದಿದೆಯೇ, ಅಥವಾ ಎರಡು ಬಾಗಿಲು ದಾಟಲು ಪ್ರಯಾಣಭತ್ಯೆ ಮಂಜೂರಾಗಬೇಕೇ?

ಹಾಗಾದರೆ ನಿಮ್ಮ ಪರೀಕ್ಷೆಯಲ್ಲಿ ಏನೂ ಸಿಗದೇ ಹೋದದ್ದು ಹೇಗೆ? ಹೋದ ತಿಂಗಳು ಐದನೆಯ ದೂರು ಹಿಡಿದು ಬಂದಿದ್ದೆ. ಗುಮಾಸ್ತರು ಬೇಸತ್ತು ಕಡತವನ್ನೇ ನನ್ನತ್ತ ತಿರುಗಿಸಿದರು. "ಎಷ್ಟು ಸಲ ಹೇಳೋದು ಸಾರ್? ಪರೀಕ್ಷೆ ಆಗಿದೆ, ಇಲ್ಲಿ ಸಹಿ ಇದೆ. ನೀವೇ ನೋಡ್ಕೊಳ್ಳಿ."

ನೋಡಿದೆ. ಮಾದರಿ ಸಂಗ್ರಹಿಸಿದವರು ಎಂಬಲ್ಲಿ ಇದ್ದದ್ದು ನನ್ನ ಸಹಿ.

ಆ ದಿನ ನೆನಪಿದೆ. ನಿವೃತ್ತಿಗೆ ಒಂದು ವಾರವಿತ್ತು. ಗಣಿಯ ರಾಶಿಯಿಂದ ಹತ್ತು ಚೀಲ ಕಲ್ಲು ತಂದು ಪುಡಿ ಮಾಡಿಡು ಎಂದು ಮೇಲಧಿಕಾರಿಗಳು ಹೇಳಿದರು. ಯಾತಕ್ಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮಲ್ಲೊಂದು ರೂಢಿ ಇತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಲ್ವಿಚಾರಕರು ಕಲಿಸಿದ್ದು: "ಗಟ್ಟಿ ಕಲ್ಲು ಮಾತ್ರ ಹೆಕ್ಕಪ್ಪ. ಮೆತ್ತಗಿರೋದು ಹಾಕಿದ್ರೆ ಕ್ರಷರ್ ಬಾಯಿ ಕಟ್ಕೊಳ್ಳುತ್ತೆ. ಬಿಚ್ಚಿ ತೊಳೆದು ಒಣಗಿಸೋ ಹೊತ್ತಿಗೆ ಅರ್ಧ ದಿನ ಹಾಳು." ಮೇಡಂ ಇದ್ದಾಗ ಮೆತ್ತನೆಯ ಕಲ್ಲನ್ನು ಬೇರೆ ಇಟ್ಟು ಕೈಯಲ್ಲಿ ಅರೆಸುತ್ತಿದ್ದರು, ಅವರು ಹೋದ ಮೇಲೆ ಹೇಳುವವರಿರಲಿಲ್ಲ. ಆ ರಾಶಿಯಲ್ಲಿ ಅರ್ಧಕ್ಕರ್ಧ ಬಿಳಿ ಮೆತ್ತನೆಯ ಕಲ್ಲೇ. ನಾನು ಅದನ್ನು ಕಾಲಲ್ಲಿ ಬದಿಗೆ ಸರಿಸಿ, ಗಟ್ಟಿಯಾದ್ದನ್ನು ಹೆಕ್ಕಿ ಹತ್ತು ಚೀಲ ತುಂಬಿಸಿದೆ. ಹತ್ತರಲ್ಲೂ ಏನೂ ಇರಲಿಲ್ಲ. ಇರುವುದಾದರೂ ಹೇಗೆ? ಇದ್ದದ್ದನ್ನೆಲ್ಲ ರಾಶಿಯಲ್ಲೇ ಬಿಟ್ಟು ಬಂದಿದ್ದೆನಲ್ಲ. ನನ್ನ ಹೊಟ್ಟೆ ಉರಿಯುವುದು ನಿಮ್ಮ ಮೇಲೆ ಮಾತ್ರವಲ್ಲ ಎಂದು ಈಗಲಾದರೂ ತಿಳಿಯಿತೇ?

ಇದನ್ನು ನಿಮಗೂ, ಪ್ರಕಟಣೆಗಾಗಿ ಪತ್ರಿಕೆಗೂ ಕಳಿಸುವ ಮೊದಲು ಇಲ್ಲಿಯವರೆಗೆ ಅಕ್ಕನಿಗೆ ಓದಿ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು.

"ನಿಂಗೆ ಗೊತ್ತಿತ್ತಾ, ಆ ಕಲ್ಲಲ್ಲಿ ಏನಿರುತ್ತೆ ಅಂತ?"

"ಗೊತ್ತಿತ್ತು ಅಕ್ಕ. ನಮ್ಮ ಬೀದಿಗೆ ಬರುತ್ತೆ ಅಂತ ಗೊತ್ತಿರಲಿಲ್ಲ."

"ಬೇರೆಯವರ ಬೀದಿಗಾದ್ರೆ ಪರವಾಗಿಲ್ವಾ?"

ಅವಳು ಮತ್ತೆ ಯಂತ್ರ ತುಳಿಯತೊಡಗಿದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಅವಳ ಪ್ರಶ್ನೆಯನ್ನು ತಮಗೂ ದಾಟಿಸುತ್ತಿದ್ದೇನೆ. ಏಕೆಂದರೆ ಆ ರಾಶಿಯಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿದೆ, ಅದನ್ನು ಇನ್ನೆರಡು ಬಡಾವಣೆಗಳಿಗೆ ಹಂಚಲು ನೀವು ಸಹಿ ಹಾಕಿದ್ದೀರಿ.

ಆದ್ದರಿಂದ ನನ್ನ ಸಹಿ ಇರುವ ಆ ಪರೀಕ್ಷಾ ವರದಿಯನ್ನು ಇಂದೇ ರದ್ದು ಮಾಡಿ. ಲಾರಿಗಳನ್ನು ನಿಲ್ಲಿಸಿ. ಬಾವಿಗೆ ಬೀಗ ಹಾಕಿ, ಹನ್ನೊಂದು ಮನೆಗಳಿಗೂ ಕುಡಿಯುವ ನೀರು ಕಳಿಸಿ, ಅಲ್ಲಿರುವ ಪ್ರತಿಯೊಬ್ಬರ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ನಮ್ಮ ಬೀದಿಯಿಂದ ಆ ಕಲ್ಲನ್ನು ಅಗೆದು ತೆಗೆಸಿ. ಹೊಸದಾಗಿ ಮಾದರಿ ತೆಗೆಯುವಾಗ ಮೆತ್ತನೆಯ ಕಲ್ಲನ್ನು ಮೊದಲು ಹೆಕ್ಕಿಸಿ, ಅರೆಯಲು ಆಳಿಲ್ಲದಿದ್ದರೆ ನಾನು ಬರುತ್ತೇನೆ. ನನ್ನ ಮೇಲೆ ವಿಚಾರಣೆ ನಡೆಸುವುದಿದ್ದರೆ ನಡೆಸಿ, ಎಲ್ಲಿಗೆ ಕರೆದರೂ ಬಂದು ಇಷ್ಟನ್ನೇ ಹೇಳುತ್ತೇನೆ. ಸಹಿ ಹಾಕಿದವನೇ ಅದು ಸುಳ್ಳು ಎನ್ನುತ್ತಿದ್ದಾನೆ. ಇನ್ನು ಯಾರು ಹೇಳಬೇಕೆಂದು ಕಾಯುತ್ತಿದ್ದೀರಿ?

ಇಂತಿ,
ನಿಮ್ಮ ಪ್ರಯೋಗಾಲಯದಲ್ಲಿ ಕ್ರಷರ್ ಕೆಡದಂತೆ ಮೂವತ್ತೊಂದು ವರ್ಷ ನೋಡಿಕೊಂಡವನು